ಪದಮೂಲ ವಿಭಾಗದ ಪ್ರಾರ್ಥನೆ

ಮೂಲ ತಿಳಿಯದ ಧಾರ್ಮಿಕ ಪದವನ್ನು ಚರ್ಚಿನ ಕಾಂಪೌಂಡಿನೊಳಗೆ ಯಾವ ಮಗುವೂ ಉಚ್ಚರಿಸತಕ್ಕದ್ದಲ್ಲ ಎಂಬ ನಿಯಮವು ಮಾರ್ಚ್ ತಿಂಗಳ ಮೊದಲನೆಯ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಜಾರಿಗೆ ಬಂತು. ಒಂಬತ್ತು ಗಂಟೆ ಐದು ನಿಮಿಷಕ್ಕೆ ಕಾಂಪೌಂಡಿನೊಳಗೆ ಎಂದೂ ಇಲ್ಲದ ಶಾಂತಿ ನೆಲೆಸಿತು. ಇದನ್ನು ಸಭಾ ಕಚೇರಿಯು ನಿಯಮದ ಮೊದಲ ಯಶಸ್ಸು ಎಂದು ದಾಖಲಿಸಿಕೊಂಡಿತು.

ನಿಯಮಕ್ಕೆ ಕಾರಣವಾದ ಪ್ರಸಂಗ ಐದು ವಾರ ಮೊದಲು ಮಕ್ಕಳ ತರಗತಿಯಲ್ಲಿ ನಡೆದಿತ್ತು. ಚರ್ಚಿನ ಹಿಂಬದಿಯಲ್ಲಿ ಮುರಿದ ಬೆಂಚುಗಳನ್ನು ಒಟ್ಟಿದ ಉದ್ದನೆಯ ಕೋಣೆಯೊಂದಿದೆ. ಅದರ ಬೆಳಕಿರುವ ಅರ್ಧವೇ ತರಗತಿ. ಹನ್ನೊಂದು ಪುಟ್ಟ ಕುರ್ಚಿ, ಒಂದು ಕರಿಹಲಗೆ, ಸಂದಿಗೆ ರಟ್ಟು ಮಡಿಸಿ ಸಿಕ್ಕಿಸದಿದ್ದರೆ ತಾನಾಗಿಯೇ ಬಾಯಿ ತೆರೆಯುವ ಒಂದು ಬೀರು. ಮೂವತ್ತೊಂದು ವರ್ಷಗಳಿಂದ ಇದನ್ನು ನಡೆಸಿಕೊಂಡು ಬಂದವರು ದೊಡ್ಡಮ್ಮ. ಮೊದಲಿಗೆ ಅವರು ತಮ್ಮ ತಂಗಿಯ ಇಬ್ಬರು ಮಕ್ಕಳಿಗೆ ಮಾತ್ರ ದೊಡ್ಡಮ್ಮ. ಆ ಇಬ್ಬರು ಕರೆದದ್ದು ಕೇಳಿ ತರಗತಿ ಕರೆಯಿತು, ತರಗತಿ ಕರೆದದ್ದು ಕೇಳಿ ಬೀದಿ ಕರೆಯಿತು, ಕಡೆಗೆ ಅವರಿಗಿಂತ ನಾಲ್ಕು ವರ್ಷ ಹಿರಿಯರಾದ ಬಿಷಪ್ಪರೂ ಹಾಗೇ ಕರೆಯತೊಡಗಿದರು. ದೊಡ್ಡಮ್ಮ ಬಿ.ಎ. ಪದವೀಧರೆ. ಲ್ಯಾಟಿನ್ ಐಚ್ಛಿಕ ವಿಷಯದಲ್ಲಿ ಇಡೀ ಕಾಲೇಜಿಗೆ ಪ್ರಥಮ ಸ್ಥಾನ. ಪರೀಕ್ಷೆಗೆ ಕಟ್ಟಿದವರು ಇಬ್ಬರು. ಇನ್ನೊಬ್ಬಳಿಗೆ ಅಂದು ಜ್ವರ ಬಂದಿತ್ತು. ಜ್ವರದ ವಿಷಯವನ್ನು ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು.

ಆ ದಿನ ಬಿಷಪ್ಪರು ತರಗತಿ ನೋಡಲು ಬಂದರು. ಜೊತೆಗೆ ಸಭಾ ಕಚೇರಿಯ ಕಾರ್ಯದರ್ಶಿಯೂ ಬಂದರು. ಬಿಷಪ್ಪರು ಮಕ್ಕಳನ್ನು ಕಂಡು ಖುಷಿಯಾಗಿ, "ಬಿಷಪ್ ಅಂದ್ರೆ ಯಾರು ಹೇಳಿ ನೋಡೋಣ" ಎಂದರು.

ಕೈಯೆತ್ತಿದವಳು ದೊಡ್ಡಮ್ಮನ ಮೊಮ್ಮಗಳು. ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಿದ್ದರು. ಅಂದು ಅಪರೂಪಕ್ಕೆ ಉತ್ತರ ಹೇಳಿದಳು: "ಬಂದಾಗ ಎಲ್ಲರೂ ಎದ್ದು ನಿಲ್ಬೇಕು, ಹೋಗೋವರೆಗೂ ಕೂತ್ಕೋಬಾರದು, ಅವರು."

ಬಿಷಪ್ಪರು ನಕ್ಕುಬಿಟ್ಟರು. ಕಾರ್ಯದರ್ಶಿ ನಗಲಿಲ್ಲ. ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.

ಕಾರ್ಯದರ್ಶಿ ಇಲ್ಲಿಗೆ ಬರುವ ಮೊದಲು ಮೂವತ್ತು ವರ್ಷ ದೊಡ್ಡ ಉಗ್ರಾಣವೊಂದರಲ್ಲಿ ದಾಸ್ತಾನು ನೋಡಿಕೊಂಡವರು. ಎಲ್ಲಿಂದ ಬಂತು ಎಂಬ ಚೀಟಿ ಇಲ್ಲದ ವಸ್ತು ಜಗತ್ತಿನಲ್ಲಿ ಇರಬಹುದೆಂದು ಅವರು ಒಪ್ಪುತ್ತಿರಲಿಲ್ಲ. ಮೊಳೆಗೆ ಒಂದು ನ್ಯಾಯ, ಪದಕ್ಕೆ ಇನ್ನೊಂದು ನ್ಯಾಯ ಯಾಕೆ ಎಂದು ಅವರಿಗೆ ಅಂದೇ ಅನ್ನಿಸಿತು. ವಾರದೊಳಗೆ ಸುತ್ತೋಲೆ ಬಂತು.

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮಕ್ಕಳಲ್ಲಿ ಧಾರ್ಮಿಕ ಪದಗಳ ಅರ್ಥವನ್ನು ಕಣ್ಣಿಂದ ನೋಡಿ ತಿಳಿದುಕೊಳ್ಳುವ ಅಭ್ಯಾಸವು ಕಂಡುಬಂದಿದೆ. ಇದು ಅಪಾಯಕಾರಿ. ಇನ್ನು ಮುಂದೆ ಸದರಿ ಅರ್ಥಗಳನ್ನು ಗ್ರೀಕ್ ಮತ್ತು ಲ್ಯಾಟಿನ್ ಮೂಲಗಳಿಂದ ಮಾತ್ರ ತಿಳಿಯತಕ್ಕದ್ದು. ಅನುಬಂಧದಲ್ಲಿ ಇನ್ನೂರ ಹನ್ನೆರಡು ಪದಗಳ ಪಟ್ಟಿಯಿದೆ. ಪದವೊಂದರ ಮೂಲವನ್ನು ಒಪ್ಪಿಸಿದ ಮಗುವಿಗೆ ಆ ಪದದ ಮೂಲಪತ್ರವನ್ನು ಮೊಹರು ಹಾಕಿ ನೀಡಲಾಗುವುದು. ಮೂಲಪತ್ರವಿಲ್ಲದೆ ಪದ ಬಳಸುವುದು ನಿಷಿದ್ಧ. ಪಟ್ಟಿಯಲ್ಲಿ ಬೇರೆ ಭಾಷೆಯ ಪದವೇನಾದರೂ ಕಂಡುಬಂದಲ್ಲಿ ಆಯಾ ಭಾಷೆಯ ವಿಭಾಗಕ್ಕೆ ವರ್ಗಾಯಿಸತಕ್ಕದ್ದು."

ಬೇರೆ ಯಾವ ಭಾಷೆಗೂ ವಿಭಾಗ ಇರಲಿಲ್ಲ. ಇದ್ದದ್ದು ಪದಮೂಲ ವಿಭಾಗ ಒಂದೇ. ಅದನ್ನು ಪೊರಕೆ, ಬಕೆಟ್ಟು ಇಡುವ ಕೋಣೆಯಲ್ಲಿ ತೆರೆಯಲಾಯಿತು. ಪೊರಕೆಗಳು ಅಲ್ಲೇ ಉಳಿದವು, ಅವುಗಳಿಗೆ ಬೇರೆ ಜಾಗವಿರಲಿಲ್ಲ. ವಿಭಾಗದ ಅಧಿಕಾರಿಯಾಗಿ ಕಾರ್ಯದರ್ಶಿಯ ಭಾಮೈದ ನೇಮಕಗೊಂಡ. ಅವನು ಗ್ರೀಕ್ ಹಡಗೊಂದರ ಅಡುಗೆಮನೆಯಲ್ಲಿ ಏಳು ತಿಂಗಳು ಕೆಲಸ ಮಾಡಿ ಬಂದವನು. ಗ್ರೀಕಿನಲ್ಲಿ 'ಉಪ್ಪು', 'ಬೇಗ', 'ಆಚೆ ಹೋಗು' ಎನ್ನುವುದನ್ನು ತಪ್ಪಿಲ್ಲದೆ ಹೇಳುತ್ತಿದ್ದ. ಲ್ಯಾಟಿನ್ ಬರುತ್ತದೆಯೇ ಎಂದು ಆಯ್ಕೆ ಸಮಿತಿ ಕೇಳಿತು. ಹಡಗು ಆ ಕಡೆಗೂ ಹೋಗಿತ್ತು ಎಂದ. ಸಮಿತಿಯಲ್ಲಿದ್ದ ಏಕೈಕ ಸದಸ್ಯರಾದ ಕಾರ್ಯದರ್ಶಿ ತೃಪ್ತರಾದರು.

ಇಷ್ಟೆಲ್ಲ ಕೇಳಿ ದೊಡ್ಡಮ್ಮನಿಗೆ ಸಿಟ್ಟು ಬಂದಿರಬೇಕು ಎಂದು ನೆರೆಹೊರೆಯವರು ಎಣಿಸಿದ್ದರು. ಬಂದದ್ದು ಸಂತೋಷ. ನಲವತ್ತೆರಡು ವರ್ಷದಿಂದ ಯಾರೂ ಅವರನ್ನು ಒಂದು ಲ್ಯಾಟಿನ್ ಪದ ಕೇಳಿರಲಿಲ್ಲ. ಮಗಳು ಇಸ್ತ್ರಿ ಮಾಡುತ್ತಿದ್ದಾಗ ಸುತ್ತೋಲೆಯನ್ನು ಎರಡು ಸಲ ಗಟ್ಟಿಯಾಗಿ ಓದಿದರು.

"ನೋಡಿದ್ಯಾ? ಕಡೆಗೂ ಈ ಜನಕ್ಕೆ ಬುದ್ಧಿ ಬಂತು."

"ಅಮ್ಮಾ, ಕಾರ್ಯದರ್ಶಿಗಳ ಭಾಮೈದನ್ನ ಅಧಿಕಾರಿ ಮಾಡಿದ್ದಾರಂತೆ."

"ಮಾಡ್ಲಿ ಬಿಡು. ಮೊಹರು ಒತ್ತೋದಕ್ಕೆ ಒಂದು ಕೈ ಬೇಕಲ್ಲ. ಹೇಳಿಕೊಡೋದು ನಾನು ತಾನೇ?"

ಆ ರಾತ್ರಿಯ ಊಟಕ್ಕೆ ಮೊದಲೇ ಪಟ್ಟಿಯನ್ನು ಕೂತು ಪರಿಶೀಲಿಸಿದರು. ಅವರಿಗೆ ಮೂರನೆಯ ಪದದಲ್ಲೇ ತೊಡಕು ಕಂಡಿತು. ಮೂರನೆಯ ಪದ 'ಆಮೆನ್'. ಅದು ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ, ಹೀಬ್ರೂ. ದೊಡ್ಡಮ್ಮ ತಕ್ಷಣ ಬಿಳಿ ಹಾಳೆ ತೆಗೆದು, ಎಡಗಡೆ ಅಂಚು ಬಿಟ್ಟು, "ಮಾನ್ಯರೇ" ಎಂದು ಆರಂಭಿಸಿ ವಿಷಯವನ್ನು ನಾಲ್ಕು ವಾಕ್ಯದಲ್ಲಿ ಬರೆದರು. ಮರುದಿನ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದರು. ಸ್ವೀಕೃತಿಯ ಮೇಲೆ "ಪರಿಶೀಲನೆಯಲ್ಲಿದೆ" ಎಂಬ ಷರಾ ಇತ್ತು. ಅಲ್ಲಿಯವರೆಗೆ ತರಗತಿಯ ಪ್ರಾರ್ಥನೆಯ ಕೊನೆಯಲ್ಲಿ ಮಕ್ಕಳು ಬಾಯಿ ಮುಚ್ಚಿಕೊಂಡಿರುವುದು, ದೊಡ್ಡಮ್ಮ ಒಬ್ಬರೇ 'ಆಮೆನ್' ಹೇಳುವುದು ಎಂದಾಯಿತು. ನಿಯಮ ಮಕ್ಕಳಿಗೆ ಮಾತ್ರ ತಾನೇ.

ವಾರಕ್ಕೆ ಹದಿನಾರು ಹದಿನೇಳು ಪದಗಳಂತೆ ತರಗತಿ ಭರದಿಂದ ಸಾಗಿತು. ಮಕ್ಕಳು ಪದವನ್ನು ಕಲಿತು ಪೊರಕೆ ಕೋಣೆಯ ಮುಂದೆ ಸಾಲು ನಿಲ್ಲುವರು. ಭಾಮೈದ ಕಣ್ಣು ಮುಚ್ಚಿ ಕೇಳುವನು, ದೊಡ್ಡಮ್ಮನತ್ತ ಒಂದು ನೋಟ ಹಾಕುವನು, ದೊಡ್ಡಮ್ಮ ತಲೆಯಾಡಿಸಿದರೆ ಮೊಹರು ಒತ್ತುವನು. ಗುಲಾಬಿ ಬಣ್ಣದ ಮೂಲಪತ್ರಗಳನ್ನು ಮಕ್ಕಳು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಗೇಟು ಕಾಯುವವನು ಬರುವ ಮಕ್ಕಳ ಕೊರಳು ನೋಡಿ, "ನಿನಗೆ 'ಬೈಬಲ್' ಇದೆ, 'ಚರ್ಚ್' ಇಲ್ಲ, ಒಳಗೆ ಹೋದ್ರೂ ಎಲ್ಲಿಗೆ ಬಂದೆ ಅಂತ ಹೇಳಬಾರದು" ಎಂದು ಎಚ್ಚರಿಸಿ ಬಿಡುತ್ತಿದ್ದ. 'ಏಂಜೆಲ್' ಎಂದರೆ ಗ್ರೀಕಿನಲ್ಲಿ ಸುದ್ದಿ ತರುವವನು ಎಂದು ಕಲಿತ ಮರುದಿನ ಮಕ್ಕಳು ಅಂಚೆಯವನನ್ನು ಹಾಗೇ ಕರೆದರು. ಆತ ಮೊದಲು ಹಿಂದೆ ತಿರುಗಿ ನೋಡಿದ, ಆಮೇಲೆ ಅಂಗಿಯ ಗುಂಡಿ ಹಾಕಿಕೊಂಡ. ಅಂದಿನಿಂದ ಕಾಗದಗಳು ಒಂದು ದಿನ ಮೊದಲೇ ಬರತೊಡಗಿದವು.

ತೊಂದರೆ ಶುರುವಾದದ್ದು ಏಪ್ರಿಲ್ ಎರಡನೆಯ ವಾರ. ಅಂದಿನ ಪದಗಳಲ್ಲಿ ಒಂದು 'ಡೀಕನ್'. ಗ್ರೀಕರಲ್ಲಿ ಡೀಕನ್ ಎಂದರೆ ಊಟದ ಮೇಜಿನ ಬಳಿ ನಿಂತು ಬಡಿಸುವವನು, ಸೇವಕ ಎಂದು ದೊಡ್ಡಮ್ಮ ಬೋರ್ಡಿನ ಮೇಲೆ ಬರೆದು ಹೇಳಿದರು. ಹನ್ನೊಂದು ಮಕ್ಕಳೂ ಮೂಲಪತ್ರ ಪಡೆದು ನೇರವಾಗಿ ಸಭಾಂಗಣಕ್ಕೆ ಹೋದರು. ಅಲ್ಲಿ ಆರಾಧನೆಯ ನಂತರದ ಚಹಾ ನಡೆಯುತ್ತಿತ್ತು. ಆ ಸಭೆಯ ಡೀಕನ್ನರು ಮರದ ಡಿಪೋ ಇಟ್ಟಿದ್ದ ಭಾರಿ ಆಸಾಮಿ. ಎಂದಿನಂತೆ ಮೊದಲನೆಯ ಕುರ್ಚಿಯಲ್ಲಿ ಕೂತು ಬಿಸ್ಕತ್ತಿನ ತಟ್ಟೆ ತಮ್ಮ ಕಡೆ ಬರುವುದನ್ನು ಕಾಯುತ್ತಿದ್ದರು.

ಪ್ರಶ್ನೆಪತ್ರಿಕೆ ಮುಂದೆ ಹೋಗಿ, "ಡೀಕನ್ ಅಂಕಲ್, ಸ್ವಲ್ಪ ಏಳಿ" ಎಂದಳು.

"ಯಾಕಮ್ಮ, ಕುರ್ಚಿ ಬೇಕಿತ್ತಾ?"

"ಕುರ್ಚಿ ಬೇಡ. ನೀವು ಬಡಿಸ್ಬೇಕು."

"ನಾನಾ? ಯಾರಂದ್ರು?"

"ಗ್ರೀಕರು" ಎಂದು ಕೊರಳಿನ ಮೂಲಪತ್ರ ತೋರಿಸಿದಳು.

ಡೀಕನ್ನರು ಕನ್ನಡಕ ಹಾಕಿಕೊಂಡು ಓದಿದರು. ಮೊಹರು ಇತ್ತು. ದಿನಾಂಕ ಇತ್ತು. ಸುತ್ತಲೂ ಎಂಬತ್ತು ಜನ ನೋಡುತ್ತಿದ್ದರು. ಮೊಹರು ಬಿದ್ದ ಕಾಗದವನ್ನು ಧಿಕ್ಕರಿಸುವ ವಂಶ ಅವರದಲ್ಲ. ಎದ್ದು ಎಂಬತ್ತನಾಲ್ಕು ಲೋಟ ಚಹಾ ಹಂಚಿದರು. ಹನ್ನೆರಡು ವರ್ಷ ಡೀಕನ್ ಆಗಿದ್ದರೂ ಲೋಟಗಳನ್ನು ಎಲ್ಲಿಡುತ್ತಾರೆ ಎಂಬುದು ಅವರಿಗೆ ಅಂದೇ ತಿಳಿದದ್ದು.

ಮುಂದಿನ ವಾರ 'ಬಿಷಪ್'. ಮೇಲ್ವಿಚಾರಣೆ ಮಾಡುವವನು, ಎಲ್ಲವನ್ನೂ ಖುದ್ದಾಗಿ ನೋಡಿಕೊಳ್ಳುವವನು. ಮಕ್ಕಳು ಬಿಷಪ್ಪರ ಕೈ ಹಿಡಿದು ಕರೆದುಕೊಂಡು ಹೋಗಿ ಆರು ವರ್ಷದಿಂದ ಅಗುಳಿ ಮುರಿದ ಶೌಚಾಲಯದ ಬಾಗಿಲು ತೋರಿಸಿದರು. ಬಿಷಪ್ಪರು ಬಹಳ ಹೊತ್ತು ನೋಡಿದರು. ನೋಡಿದ ಮೇಲೆ ಏನು ಮಾಡಬೇಕೆಂದು ಮೂಲದಲ್ಲಿ ಇದೆಯೇ ಎಂದು ಕೇಳಿದರು. ಇಲ್ಲ ಎಂದಾಗ, "ಹಾಗಾದ್ರೆ ನಾನೇ ಯೋಚನೆ ಮಾಡ್ಬೇಕು" ಎಂದು ಹೇಳಿ, ಮಂಗಳವಾರ ಹೊಸ ಅಗುಳಿ ಹಾಕಿಸಿದರು. ಅವರಿಗೇನೋ ಇದರಿಂದ ಉಲ್ಲಾಸವೇ ಆಗಿತ್ತು. ಕಚೇರಿಗೆ ಮಾತ್ರ ಬಿಸಿತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅದರ ಮೇಲೆ 'ಲಿಟರ್ಜಿ' ಬಂತು. ಆರಾಧನೆಯ ಕ್ರಮಕ್ಕೆ ಹೇಳುವ ಈ ಪದ ಗ್ರೀಕರ ಕಾಲದಲ್ಲಿ ಶ್ರೀಮಂತರು ತಮ್ಮ ಕೈಯಿಂದ ಖರ್ಚು ಹಾಕಿ ಊರಿಗಾಗಿ ಮಾಡುತ್ತಿದ್ದ ಕೆಲಸಕ್ಕೆ ಇದ್ದದ್ದು ಎಂದು ದೊಡ್ಡಮ್ಮ ವಿವರಿಸಿದರು. ಮಕ್ಕಳು ಮನೆಗೆ ಹೋಗಿ ಅಪ್ಪ, ಚಿಕ್ಕಪ್ಪ, ಸೋದರಮಾವಂದಿರಿಗೆ ಹೇಳಿದರು. ಮುಂದಿನ ಭಾನುವಾರ ಆರಾಧನೆಗೆ ಬಡವರು ಮಾತ್ರ ಬಂದಿದ್ದರು. ಕಟ್ಟಡ ಸಮಿತಿಯ ಸದಸ್ಯರೆಲ್ಲರಿಗೂ ಏಕಕಾಲಕ್ಕೆ ಬೆನ್ನುನೋವು.

ತುರ್ತುಸಭೆ ಸೇರಿತು. ಮೂಲಗಳನ್ನು ಕಲಿಸುವುದನ್ನು ನಿಲ್ಲಿಸೋಣ ಎಂದು ಡೀಕನ್ನರು ಸೂಚಿಸಿದರು. ಅವರ ಅಂಗೈಯಲ್ಲಿ ಚಹಾ ಚೆಲ್ಲಿದ ಬೊಬ್ಬೆಯಿತ್ತು. ಕಾರ್ಯದರ್ಶಿ ಒಪ್ಪಲಿಲ್ಲ. ಹೊರಡಿಸಿದ ಸುತ್ತೋಲೆಯನ್ನು ಹಿಂದಕ್ಕೆ ಪಡೆದ ಉದಾಹರಣೆ ಅವರ ಸೇವಾವಧಿಯಲ್ಲಿ ಇರಲಿಲ್ಲ. "ದಾಸ್ತಾನು ಲೆಕ್ಕಕ್ಕೆ ತಾಳೆ ಆಗದಿದ್ರೆ ದಾಸ್ತಾನು ಬಿಸಾಡ್ತೀವಾ? ಲೆಕ್ಕ ತಿದ್ದುತೀವಿ" ಎಂದರು. ಸಭೆಗೆ ಇದು ನ್ಯಾಯವಾಗಿ ಕಂಡಿತು.

ಹಾಗೆ ಮೂಲಗಳ ತಿದ್ದುಪಡಿ ಕರಡು ಸಿದ್ಧವಾಯಿತು. ಡೀಕನ್: ಮೇಜಿನ ಬಳಿ ಯಾರಿಗೆ ಬಡಿಸಲಾಗುವುದೋ ಅವನು. ಬಿಷಪ್: ಮೇಲಿನಿಂದ ನೋಡುವವನು; ಕೆಳಗಿಳಿಯುವ ಅವಶ್ಯಕತೆಯಿಲ್ಲ. ಲಿಟರ್ಜಿ: ಊರಿನವರು ತಮ್ಮ ಕೈಯಿಂದ ಖರ್ಚು ಹಾಕಿ ಶ್ರೀಮಂತರಿಗಾಗಿ ಮಾಡುವ ಕೆಲಸ. ಹೀಗೆ ಮೂವತ್ತೆಂಟು ಪದ. ಕರಡನ್ನು ಕೈತೊಳೆಯುವ ನಲ್ಲಿಯ ಪಕ್ಕದ ಫಲಕಕ್ಕೆ ಅಂಟಿಸಿ, "ಈ ತಿದ್ದುಪಡಿಗಳ ಬಗ್ಗೆ ಪ್ರಾಚೀನ ಗ್ರೀಕರು ಹಾಗೂ ರೋಮನ್ನರು ತಮ್ಮ ಆಕ್ಷೇಪಣೆಗಳೇನಾದರೂ ಇದ್ದಲ್ಲಿ ಹದಿನೈದು ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು" ಎಂದು ಪ್ರಕಟಿಸಲಾಯಿತು. ಹದಿನೈದು ದಿನ ಕಳೆಯಿತು. ಒಂದೂ ಆಕ್ಷೇಪಣೆ ಬರಲಿಲ್ಲ. ಸಂಬಂಧಪಟ್ಟವರು ಸಮ್ಮತಿಸಿದ್ದಾರೆಂದು ಭಾವಿಸಿ ಕರಡನ್ನು ಅಂತಿಮಗೊಳಿಸಲಾಯಿತು.

ಆದರೆ ಒಂದು ಷರತ್ತಿತ್ತು. ತಿದ್ದಿದ ಮೂಲ ಜಾರಿಗೆ ಬರಬೇಕಾದರೆ ಮಕ್ಕಳು ಅದನ್ನು ಪರೀಕ್ಷೆಯಲ್ಲಿ ಎಲ್ಲರೆದುರು ಒಪ್ಪಿಸಬೇಕು. ಒಪ್ಪಿಸದ ಸರಕು ದಾಖಲಾಗುವುದಿಲ್ಲ, ಅದು ಉಗ್ರಾಣದ ಪದ್ಧತಿ. ಜೂನ್ ಮೊದಲ ಭಾನುವಾರ ಬೆಳಗ್ಗೆ ಹತ್ತಕ್ಕೆ ಪರೀಕ್ಷೆ ಎಂದು ಗೊತ್ತಾಯಿತು. ಅಂದಿನಿಂದಲೇ ಮೂಲಪತ್ರದ ನಿಯಮ ದೊಡ್ಡವರಿಗೂ ಅನ್ವಯ ಎಂದು ಸಭೆ ಅನುಮೋದಿಸಿತು; ಮಕ್ಕಳು ಕಂಡಕಂಡವರನ್ನು ನಿಲ್ಲಿಸಿ, "ನಿಮ್ಮ ಪತ್ರ ಎಲ್ಲಿ?" ಎಂದು ಕೇಳತೊಡಗಿದ್ದರಿಂದ ಮರ್ಯಾದೆಯ ಪ್ರಶ್ನೆಯಾಗಿತ್ತು.

ಕಾರ್ಯದರ್ಶಿ ದೊಡ್ಡಮ್ಮನನ್ನು ಕಚೇರಿಗೆ ಕರೆಸಿದರು. ಕೂರಲು ಹೇಳಿದರು, ಫ್ಯಾನನ್ನು ಅವರ ಕಡೆ ತಿರುಗಿಸಿದರು. ಇದು ಒಳ್ಳೆಯ ಲಕ್ಷಣವಲ್ಲ ಎಂದು ದೊಡ್ಡಮ್ಮನಿಗೆ ಗೊತ್ತಿತ್ತು.

"ಮಕ್ಕಳಿಗೆ ಹೊಸ ಮೂಲ ಹೇಳಿಕೊಟ್ಟಿದ್ದೀರಾ ದೊಡ್ಡಮ್ಮ?"

"ಮೂಲ ಹೊಸದಾಗೋದು ಹೇಗೆ ಸ್ವಾಮಿ? ಅಜ್ಜನಿಗೆ ಮೊಮ್ಮಗ ಹುಟ್ಟಬಹುದು. ಮೊಮ್ಮಗನಿಗೆ ಅಜ್ಜ ಹುಟ್ತಾನಾ?"

"ನಿಯಮದಲ್ಲಿ ಅವಕಾಶ ಇದ್ರೆ ಹುಟ್ತಾನೆ. ನೋಡಿ, ನಾನು ನಿಮ್ಮ ಮೇಲೆ ಗೌರವ ಇಟ್ಟವನು. ಮಕ್ಕಳು ತಿದ್ದಿದ್ದನ್ನ ಒಪ್ಪಿಸಿದ್ರೆ ತರಗತಿ ನಿಮ್ಮದೇ, ಇನ್ನೊಂದು ಮೂವತ್ತು ವರ್ಷ ನಡೆಸಿ. ಹಳೇದನ್ನೇ ಹೇಳಿದ್ರೆ ಪರೀಕ್ಷೆ ಮುಗಿದ ಕ್ಷಣದಿಂದ ತರಗತಿ ನಮ್ಮ ಭಾಮೈದಂದು. ಆದೇಶ ಟೈಪ್ ಆಗಿದೆ. ಸಹಿ ಒಂದು ಬಾಕಿ."

"ಪಟ್ಟಿಯ ಮೂರನೇ ಪದದ ವಿಷಯ ನಾನು ಬರೆದಿದ್ದೆ" ಎಂದರು ದೊಡ್ಡಮ್ಮ. "ಏಪ್ರಿಲಿನಲ್ಲೂ ಒಂದು ಜ್ಞಾಪನ ಕೊಟ್ಟಿದ್ದೆ."

"ಪರಿಶೀಲನೆಯಲ್ಲಿದೆ" ಎಂದರು ಕಾರ್ಯದರ್ಶಿ.

ದೊಡ್ಡಮ್ಮ ಮೂರನೆಯ ಪತ್ರವನ್ನು ಅಲ್ಲೇ ಕೊಟ್ಟು ಸ್ವೀಕೃತಿ ಪಡೆದು ಮನೆಗೆ ಬಂದರು.

ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಿಂದ ಮುನ್ನೂರ ಅರವತ್ತೆರಡು ಮಕ್ಕಳು ದಾಟಿ ಹೋಗಿದ್ದರು. ಒಬ್ಬರಿಗೂ ಗೊತ್ತಿದ್ದೂ ತಪ್ಪು ಹೇಳಿಕೊಟ್ಟದ್ದಿಲ್ಲ. ಗೊತ್ತಿಲ್ಲದೆ ಹೇಳಿಕೊಟ್ಟದ್ದು ಎರಡು ಸಲ; ಎರಡನ್ನೂ ಮುಂದಿನ ವಾರ ತಿದ್ದಿದ್ದರು. ಈಗ ತಪ್ಪು ಹೇಳಿದರೆ ತರಗತಿ ಉಳಿಯುತ್ತದೆ, ಸರಿ ಹೇಳಿದರೆ ಹೋಗುತ್ತದೆ.

"ಒಂದು ದಿನದ ಮಟ್ಟಿಗೆ ಹೇಳ್ಸಿಬಿಡಮ್ಮಾ" ಎಂದಳು ಮಗಳು, ಅಂಗಿಯ ಕಾಲರು ತಿರುವುತ್ತ. "ಗ್ರೀಕರು ಬಂದು ಕೇಳ್ತಾರಾ?"

"ಗ್ರೀಕರು ಕೇಳಲ್ಲ ಕಣೇ. ಇವಳು ಕೇಳ್ತಾಳೆ."

ನೆಲದ ಮೇಲೆ ಕೂತು ಮೂಲಪತ್ರಗಳನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದ ಪ್ರಶ್ನೆಪತ್ರಿಕೆ ತಲೆಯೆತ್ತಿದಳು. "ಅಜ್ಜಿ, ಡೀಕನ್ ಅಂಕಲ್ ಬಡಿಸೋರಾ, ಬಡಿಸಿಕೊಳ್ಳೋರಾ?"

"ಬಡಿಸೋರು."

"ಪರೀಕ್ಷೇಲೂ?"

ದೊಡ್ಡಮ್ಮ ಅವಳ ಕೈಯಿಂದ ಜಾರಿದ ಪತ್ರವೊಂದನ್ನು ಎತ್ತಿಕೊಟ್ಟರು. "ಪರೀಕ್ಷೇಲೂ" ಎಂದರು. ಮಗಳು ಇಸ್ತ್ರಿಪೆಟ್ಟಿಗೆಯನ್ನು ಠಕ್ಕನೆ ಕುಕ್ಕಿದಳು. ಮರುದಿನ ದೊಡ್ಡಮ್ಮ ತರಗತಿಯ ಬೀರುವಿನಿಂದ ತಮ್ಮ ಸ್ವಂತ ಡಸ್ಟರನ್ನೂ, ಎರಡು ನಿಘಂಟುಗಳನ್ನೂ ಮನೆಗೆ ತಂದಿಟ್ಟುಕೊಂಡರು.

ಪರೀಕ್ಷೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಬೆಳಗ್ಗೆ ಆರರಿಂದ ಪೊರಕೆ ಕೋಣೆಯ ಮುಂದೆ ದೊಡ್ಡವರ ಸಾಲು. ಮೊಹರಿನ ಹಿಡಿಕೆ ಮುರಿದದ್ದರಿಂದ ಭಾಮೈದ ಬಕೆಟ್ಟಿನ ಹಿಡಿಯನ್ನು ಕಟ್ಟಿಕೊಂಡು ಒತ್ತುತ್ತಿದ್ದ. ಪೊಲೀಸು ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು 'ಅಪೊಸ್ತಲ' ಸಿಗಲಿಲ್ಲವೆಂದು ಎರಡನೆಯ ಸಲ ಸಾಲಿಗೆ ಸೇರಿದರು. ಹತ್ತು ಗಂಟೆಗೆ ಎಲ್ಲರ ಕೊರಳಲ್ಲೂ ಗುಲಾಬಿ ಕಾಗದ. ಫ್ಯಾನು ಹಾಕಿದರೆ ಇಡೀ ಸಭೆ ಹಾರಿಹೋಗುವಂತೆ ಸದ್ದು ಮಾಡುತ್ತಿದ್ದುದರಿಂದ ಫ್ಯಾನು ಆರಿಸಲಾಯಿತು.

ವೇದಿಕೆಯ ಮೇಲೆ ಬಿಷಪ್ಪರು, ಕಾರ್ಯದರ್ಶಿ, ಡೀಕನ್ನರು, ಭಾಮೈದ. ಪಕ್ಕದಲ್ಲಿ ಸ್ಟೂಲಿನ ಮೇಲೆ ದೊಡ್ಡಮ್ಮ, ಮಡಿಲಲ್ಲಿ ಕೈಚೀಲ. ಕಾರ್ಯಕ್ರಮ ಪಟ್ಟಿಯಲ್ಲಿ ಒಂದನೆಯದು ಪ್ರಾರ್ಥನೆ, ಎರಡನೆಯದು ಪರೀಕ್ಷೆ, ಮೂರನೆಯದು ಆದೇಶಕ್ಕೆ ಸಹಿ. ಪ್ರಾರ್ಥನೆ ಮಾಡಿಸುವುದು ಅತಿ ಹೆಚ್ಚು ಮೂಲಪತ್ರಗಳಿರುವ ಮಗು. ಇನ್ನೂರ ಹನ್ನೊಂದು ಪತ್ರಗಳ ಭಾರಕ್ಕೆ ಸ್ವಲ್ಪ ಮುಂದಕ್ಕೆ ಬಾಗಿದ್ದ ಪ್ರಶ್ನೆಪತ್ರಿಕೆ ಬಂದು ನಿಂತಳು.

ಎಲ್ಲರೂ ಕಣ್ಣು ಮುಚ್ಚಿದರು. ಹುಡುಗಿ ಚೆನ್ನಾಗಿ ಪ್ರಾರ್ಥಿಸಿದಳು. ಬಿಸಿಲಿಗಾಗಿ, ಬೆಕ್ಕಿಗಾಗಿ, ಬೆನ್ನುನೋವಿರುವ ಕಟ್ಟಡ ಸಮಿತಿಗಾಗಿ ಪ್ರಾರ್ಥಿಸಿದಳು. ಆಮೇಲೆ ನಿಂತಳು.

ಒಂದು ನಿಮಿಷವಾಯಿತು. ಕಾರ್ಯದರ್ಶಿ ಕಣ್ಣು ಮುಚ್ಚಿಕೊಂಡೇ, "ಮುಗಿಸಮ್ಮ" ಎಂದರು.

"ಮುಗಿಸೋ ಪದಕ್ಕೆ ನನ್ನ ಹತ್ರ ಪತ್ರ ಇಲ್ಲ ಸರ್."

"ಬೇರೆ ಮಕ್ಕಳು ಹೇಳಿ."

ಬೇರೆ ಮಕ್ಕಳಿಗೂ ಇರಲಿಲ್ಲ. ಕಾರ್ಯದರ್ಶಿ ಒಂದು ಕಣ್ಣು ತೆರೆದು ಭಾಮೈದನನ್ನು ನೋಡಿದರು. "ಈಗಲೇ ಒಂದು ಬರೆದುಕೊಡೋ. ಗ್ರೀಕ್ ಅಂತ ಹಾಕು."

"ಹಡಗಿನಲ್ಲಿ ಅಷ್ಟು ತಿಂಗಳಲ್ಲಿ ಆ ಪದ ಒಬ್ಬರೂ ಅಂದಿಲ್ಲ ಭಾವ" ಎಂದ ಭಾಮೈದ. ಅವನು ಎಂಥವನಾದರೂ ಹಡಗಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ.

ದೊಡ್ಡಮ್ಮ ಎದ್ದು ಕೈಚೀಲದಿಂದ ಮೂರು ಸ್ವೀಕೃತಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಫೆಬ್ರವರಿ, ಏಪ್ರಿಲ್, ಮೇ. "ಹೀಬ್ರೂ" ಎಂದು ಮೆಲ್ಲಗೆ ಹೇಳಿದರು. "ಬೇರೆ ವಿಭಾಗಕ್ಕೆ ಹೋಗಬೇಕಾದ ಪದ. ನಾನು ಬರೆದಿದ್ದೆ." ಅವರ ಧ್ವನಿಯಲ್ಲಿ ಗೆಲುವಿರಲಿಲ್ಲ. ನಾಲ್ಕು ತಿಂಗಳಿಂದ ಅವರಿಗೆ ಬೇಕಿದ್ದದ್ದು ಒಂದು ಉತ್ತರ ಮಾತ್ರ.

"ನಾನೇ ಹೇಳ್ಬಿಡ್ಲಾ?" ಎಂದರು ಡೀಕನ್ನರು. ಮಂಡಿಯೂರಿದ್ದ ಅವರಿಗೆ ಕಾಲು ಜೋಮು ಹಿಡಿದಿತ್ತು.

"ನಿಮಗೆ ಪತ್ರ ಇದೆಯಾ?" ಎಂದರು ಕಾರ್ಯದರ್ಶಿ.

"ಇಲ್ಲ."

"ಹಾಗಾದ್ರೆ ಅಪರಾಧ ಆಗುತ್ತೆ. ಇವತ್ತಿಂದ ದೊಡ್ಡವರಿಗೂ ಅನ್ವಯ. ನೀವೇ ಅನುಮೋದಿಸಿದ್ರಿ."

ಬಿಷಪ್ಪರತ್ತ ಎಲ್ಲರ ಮುಖ ತಿರುಗಿತು, ಕಣ್ಣು ಮುಚ್ಚಿಕೊಂಡೇ. ಬಿಷಪ್ಪರು ಗಂಭೀರವಾಗಿ ತಮ್ಮ ಕೊರಳ ಪತ್ರಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ತಮ್ಮಲ್ಲೂ ಇಲ್ಲ ಎಂದರು. ಅವರ ಭುಜ ಸಣ್ಣಗೆ ಅಲುಗುತ್ತಿದ್ದುದನ್ನು ಭಕ್ತಿ ಎಂದು ಮುಂದಿನ ಸಾಲಿನವರು ಭಾವಿಸಿದರು.

ಸದರಿ ಪದವಿಲ್ಲದೆ ಮುಗಿಸಲು ಬರುವಂತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅತಿಥಿ ಬೋಧಕರೊಬ್ಬರು ಪ್ರಾರ್ಥನೆ ಮುಗಿಸಿ ಸುಮ್ಮನೆ ಮನೆಗೆ ಹೋಗಿಬಿಟ್ಟು, ಸಭೆಯು ಇಪ್ಪತ್ತು ನಿಮಿಷ ಹಾಗೇ ನಿಂತಿದ್ದ ಕಾರಣ, 'ಆಮೆನ್' ಎಂದು ಉಚ್ಚರಿಸಿದ ಹೊರತು ಯಾವ ಪ್ರಾರ್ಥನೆಯೂ ಮುಗಿದಿದೆಯೆಂದು ಪರಿಗಣಿಸತಕ್ಕದ್ದಲ್ಲ, ಅದು ಮುಗಿಯುವವರೆಗೆ ಬೇರೆ ಕಲಾಪವನ್ನು ಆರಂಭಿಸತಕ್ಕದ್ದಲ್ಲ ಎಂಬ ನಿಯಮವನ್ನು ಕಾರ್ಯದರ್ಶಿಯೇ ಬರೆದಿದ್ದರು. ಅವರು ಆ ನಿಯಮದ ಪುಸ್ತಕವನ್ನು ತರಿಸಿ ಎರಡು ಸಲ ಓದಿದರು. ತಾವೇ ಬರೆದದ್ದರಿಂದ ಸಂದು ಎಲ್ಲೂ ಇರಲಿಲ್ಲ. ಕಡೆಗೆ ಎದ್ದು ನಿಂತು ಪ್ರಕಟಿಸಿದರು:

"ಪ್ರಾರ್ಥನೆಯು ಚಾಲ್ತಿಯಲ್ಲಿದೆ. ಪರೀಕ್ಷೆಯನ್ನು ಪ್ರಾರ್ಥನೆ ಮುಗಿದ ಕೂಡಲೇ ನಡೆಸಲಾಗುವುದು. ಅಲ್ಲಿಯವರೆಗೆ ಸಭಿಕರು ಕಣ್ಣು ತೆರೆಯಲು, ಊಟ ನಿದ್ರೆಗಳಿಗೆ ಮನೆಗೆ ಹೋಗಿಬರಲು, ಹಾಗೂ ಜೀವನೋಪಾಯದ ಕೆಲಸಗಳನ್ನು ಮಾಡಿಕೊಳ್ಳಲು ಅನುಮತಿಸಿದೆ."

ಮೊದಲ ವಾರ ಜನರಿಗೆ ಒಂದಿಷ್ಟು ಕಷ್ಟವಾಯಿತು. ಪ್ರಾರ್ಥನೆಯ ನಡುವೆ ಬೈಯುವುದು, ಸುಳ್ಳು ಹೇಳುವುದು ಚೆನ್ನಾಗಿರುವುದಿಲ್ಲ. ಡೀಕನ್ನರ ಡಿಪೋಗೆ ಬಂದವರು, "ಇದು ತೇಗವೇನಾ?" ಎಂದು ಕೇಳಿದಾಗ ಅವರು ಬಹಳ ಹೊತ್ತು ಮರವನ್ನೇ ನೋಡಿ, "ತೇಗದ ಪಕ್ಕದಲ್ಲಿ ಬೆಳೆದದ್ದು" ಎನ್ನಬೇಕಾಯಿತು. ಕಟ್ಟಡ ಸಮಿತಿಯ ವರದಿ ಹನ್ನೆರಡು ಪುಟದಿಂದ ಅರ್ಧ ಪುಟಕ್ಕೆ ಇಳಿಯಿತು. ಗಂಡಹೆಂಡಿರು ಜಗಳವಾಡಬೇಕೆಂದರೆ ಕಾಂಪೌಂಡಿನಿಂದ ಎಷ್ಟು ದೂರ ಹೋಗಬೇಕೆಂದು ಗೇಟಿನವನನ್ನು ಕೇಳುವರು. ಆತನಿಗೂ ಗೊತ್ತಿರಲಿಲ್ಲ.

ಎರಡನೆಯ ತಿಂಗಳ ಹೊತ್ತಿಗೆ ಅನುಕೂಲಗಳು ಕಾಣತೊಡಗಿದವು. ಕಚೇರಿಯಲ್ಲಿ ಯಾವ ಕಡತದ ಬಗ್ಗೆ ವಿಚಾರಿಸಿದರೂ, "ಪ್ರಾರ್ಥನೆ ನಡೀತಿದೆಯಲ್ಲ, ಮುಗೀಲಿ" ಎಂದರೆ ಸಾಕಾಗುತ್ತಿತ್ತು. ಇಷ್ಟು ಗಟ್ಟಿಯಾದ ಕಾರಣ ಉಗ್ರಾಣದಲ್ಲೂ ಸಿಕ್ಕಿರಲಿಲ್ಲ ಎಂದು ಕಾರ್ಯದರ್ಶಿ ಒಪ್ಪಿಕೊಂಡರು. ಪರೀಕ್ಷೆ ನಡೆಯದ್ದರಿಂದ ತಿದ್ದುಪಡಿಗಳು ಜಾರಿಯಾಗಲಿಲ್ಲ, ಹಳೆಯ ಮೂಲಗಳೇ ಉಳಿದವು. ಡೀಕನ್ನರು ಭಾನುವಾರ ಚಹಾ ಹಂಚುವುದನ್ನು ಮುಂದುವರಿಸಿದರು. ಈಗ ಅವರಿಗೆ ಯಾರಿಗೆ ಸಕ್ಕರೆ ಬೇಡ ಎಂಬುದೂ ಬಾಯಿಪಾಠ.

ಹೀಬ್ರೂ ವಿಭಾಗವನ್ನು ತೆರೆಯಲು ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. ಆಗಸ್ಟಿನಲ್ಲಿ ಮಂಜೂರಾತಿ ದೊರೆಯಿತು. ಪೊರಕೆಗಳನ್ನು ಗೋಡೆಯ ಒಂದು ಬದಿಗೆ ಸರಿಸಿ ಜಾಗ ಮಾಡಲಾಯಿತು. ಹೀಬ್ರೂ ಬಲ್ಲ ಮುದುಕರೊಬ್ಬರನ್ನು ದೊಡ್ಡಮ್ಮನೇ ಹುಡುಕಿ ಪತ್ರ ಬರೆದು ಕರೆಸಿದರು. ಎಲ್ಲ ಸಿದ್ಧವಾದ ಮೇಲೆ, ಯಾವುದೇ ವಿಭಾಗವನ್ನು ಪ್ರಾರ್ಥನೆಯೊಂದಿಗೆ ಉದ್ಘಾಟಿಸತಕ್ಕದ್ದು ಎಂಬುದು ಗಮನಕ್ಕೆ ಬಂತು. ಒಂದು ಪ್ರಾರ್ಥನೆ ನಡೆಯುತ್ತಿರುವಾಗ ಇನ್ನೊಂದನ್ನು ಆರಂಭಿಸುವಂತಿಲ್ಲ. ಇದನ್ನು ಸಭೆಯ ಮುಂದಿಟ್ಟಾಗ ಎಲ್ಲರೂ ಸ್ವಲ್ಪ ಯೋಚಿಸಿ, ಅದೂ ಸರಿಯೇ ಎಂದರು. ಮುದುಕರು ಒಂದು ಚಹಾ ಕುಡಿದು, ಅವಸರವೇನಿಲ್ಲ ಎಂದು ಹೇಳಿ ಹೋದರು.

ದೊಡ್ಡಮ್ಮ ಡಸ್ಟರನ್ನೂ ನಿಘಂಟುಗಳನ್ನೂ ಬೀರುವಿಗೆ ಮರಳಿ ತಂದಿಟ್ಟರು. ಪರೀಕ್ಷೆ ಮುಗಿದ ಕ್ಷಣದಿಂದ ತರಗತಿ ಭಾಮೈದನದು ಎಂಬ ಆದೇಶ ಇಂದಿಗೂ ಕಚೇರಿಯ ಮೇಜಿನ ಮೇಲೆ ಕಾಗದದ ಭಾರದ ಅಡಿಯಲ್ಲಿದೆ; ಸಹಿ ಒಂದು ಬಾಕಿ. ಭಾಮೈದ ಬಿಡುವಿನ ವೇಳೆ ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಕೂತು ಲ್ಯಾಟಿನ್ ಕಲಿಯುತ್ತಿದ್ದಾನೆ. ಬುದ್ಧಿವಂತನೇ, ಆದರೆ ಗಮನ ಸಾಲದು ಎಂಬುದು ದೊಡ್ಡಮ್ಮನ ಅಭಿಪ್ರಾಯ.

ಮೂರನೆಯ ವರ್ಷ ಹೊಸದಾಗಿ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳು ತರಗತಿಯ ಬಾಗಿಲಲ್ಲಿ ನಿಂತು, ತುಸು ಜೋರಾಗಿಯೇ, ಪರೀಕ್ಷೆ ಯಾವಾಗ ಎಂದು ಕೇಳಿದಳು. ಹನ್ನೊಂದು ಮಕ್ಕಳೂ, ಭಾಮೈದನೂ ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡಮ್ಮ" ಎಂದರು ದೊಡ್ಡಮ್ಮ, "ಪ್ರಾರ್ಥನೆ ನಡೀತಿದೆ."

ಆಕೆ ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಚಪ್ಪಲಿ ಕಳಚಿದಳು. ದೊಡ್ಡಮ್ಮ ಸೀಮೆಸುಣ್ಣ ಎತ್ತಿಕೊಂಡು ಅಂದಿನ ಪದವನ್ನು ಬರೆಯತೊಡಗಿದರು.